ಬಯಾಸ್: ಕರೆಯದಿದ್ದರೆ ಕೆಲಸವಿಲ್ಲ, ಕರೆದರೆ ಅಪಾಯ

ಕಂಪ್ಯೂಟರಿನ ಗುಂಡಿ ಒತ್ತಿದ ಕ್ಷಣದಲ್ಲಿ ಅದರ ಮೆಮೊರಿಯಲ್ಲಿ ಯಾವ ಆಪರೇಟಿಂಗ್ ಸಿಸ್ಟಮ್ಮೂ ಇರುವುದಿಲ್ಲ. ವಿಂಡೋಸ್ ಆಗಲಿ, ಲಿನಕ್ಸ್ ಆಗಲಿ ಇನ್ನೂ ಡಿಸ್ಕಿನಲ್ಲಿ ಮಲಗಿರುತ್ತದೆ. ಅದನ್ನು ಎಬ್ಬಿಸಿ ತರುವುದು ಮದರ್‌ಬೋರ್ಡಿನ ಮೇಲೆ ಕೂತಿರುವ ಒಂದು ಪುಟ್ಟ ಚಿಪ್ಪಿನ ಕೆಲಸ. ಆ ಚಿಪ್ಪಿನಲ್ಲಿ ಕಾರ್ಖಾನೆಯವರು ಮೊದಲೇ ಬರೆದಿಟ್ಟ ಆದೇಶಗಳ ಕಂತೆಗೆ ದಶಕಗಳ ಕಾಲ ಬಯಾಸ್ ಎಂಬ ಹೆಸರಿತ್ತು. ಈಗ ಅದರ ಜಾಗಕ್ಕೆ ಬೇರೆಯದು ಬಂದಿದ್ದರೂ ಹಳೆಯ ಹೆಸರೇ ಬಾಯಲ್ಲಿ ಉಳಿದಿದೆ.

ಆಪರೇಟಿಂಗ್ ಸಿಸ್ಟಮ್ಮಿನ ತಿರುಳಿಗೆ ಕರ್ನಲ್ ಎನ್ನುತ್ತಾರೆ. ಮೆಮೊರಿಯನ್ನು ಹಂಚುವುದು, ಯಾವ ಪ್ರೋಗ್ರಾಮಿಗೆ ಎಷ್ಟು ಹೊತ್ತು ಪ್ರೊಸೆಸರ್ ಸಿಗಬೇಕೆಂದು ಗೊತ್ತುಮಾಡುವುದು, ಡಿಸ್ಕು, ಕೀಲಿಮಣೆ, ಪರದೆಗಳನ್ನು ನೋಡಿಕೊಳ್ಳುವುದು ಎಲ್ಲವೂ ಅದರ ಹೊಣೆ. ಕರ್ನಲ್ ಎದ್ದು ಕೂತ ಮೇಲೆ ಬಯಾಸಿನ ಋಣ ತೀರಿತು ಎಂದೇ ಸಾಮಾನ್ಯವಾಗಿ ತಿಳಿಯಲಾಗುತ್ತದೆ. ಆದರೆ ಅದು ಅಷ್ಟು ಸುಲಭವಾಗಿ ತೀರಲಿಲ್ಲ. ಪರದೆಯ ವಿನ್ಯಾಸ ಬದಲಿಸಲು, ಬ್ಯಾಟರಿಯಲ್ಲಿ ಎಷ್ಟು ಉಳಿದಿದೆಯೆಂದು ತಿಳಿಯಲು, ನಿದ್ದೆಹೋದ ಲ್ಯಾಪ್‌ಟಾಪನ್ನು ಎಬ್ಬಿಸಲು ಕರ್ನಲ್ ಮತ್ತೆ ಮತ್ತೆ ಆ ಹಳೆಯ ಚಿಪ್ಪಿನ ಬಾಗಿಲು ತಟ್ಟಬೇಕಾಯಿತು. ಯಾರೋ ಬರೆದ, ಒಳಗೇನಿದೆಯೆಂದು ಹೊರಗಿನವರಿಗೆ ತಿಳಿಯದ, ಇಡೀ ಯಂತ್ರ ತನ್ನದೇ ಎಂದು ನಂಬಿರುವ ಆದೇಶಗಳನ್ನು, ಹತ್ತಾರು ಪ್ರೋಗ್ರಾಮುಗಳು ಓಡುತ್ತಿರುವ ಹೊತ್ತಿನಲ್ಲಿ, ಯಾರದೂ ಕಡತ ಹಾಳಾಗದಂತೆ ಓಡಿಸುವುದು ಹೇಗೆ? ಕರ್ನಲ್ ಬರೆಯುವವರನ್ನು ಬಹುಕಾಲ ಕಾಡಿದ ಪ್ರಶ್ನೆ ಇದು. ಉತ್ತರ ತಪ್ಪಿದರೆ ಅರ್ಧ ಬರೆದ ಪತ್ರ ಹೋಗಬಹುದು. ಕೆಲವೊಮ್ಮೆ ಯಂತ್ರವೇ ಹೋಗಬಹುದು.

ಒಂಟಿ ಮನೆಯ ಅಭ್ಯಾಸ

ಐಬಿಎಂ ಕಂಪನಿ ತನ್ನ ಪರ್ಸನಲ್ ಕಂಪ್ಯೂಟರನ್ನು ಲೋಕಕ್ಕೆ ತೋರಿಸಿದ್ದು 1981ರ ಆಗಸ್ಟ್ 12ರಂದು. ಅದರ ಪ್ರೊಸೆಸರ್ ಇಂಟೆಲ್ ಕಂಪನಿಯ 8088. ಬಯಾಸ್ ಎಂಬ ಹೆಸರು ಅದಕ್ಕೂ ಹಳೆಯದು. ಗ್ಯಾರಿ ಕಿಲ್ಡಾಲ್ ಎಂಬ ಅಮೆರಿಕನ್ 1970ರ ದಶಕದಲ್ಲಿ ತನ್ನ ಸಿಪಿ/ಎಂ ವ್ಯವಸ್ಥೆಯಲ್ಲಿ ಯಂತ್ರಕ್ಕೆ ಅಂಟಿಕೊಂಡ ಭಾಗವನ್ನು ಬೇರ್ಪಡಿಸಿ ಆ ಹೆಸರಿಟ್ಟಿದ್ದ. ಐಬಿಎಂ ಬಯಾಸ್ ಇದ್ದದ್ದು ಕೇವಲ 8 ಕಿಲೋಬೈಟ್. ಅದರ ಸೇವೆಗಳಿಗೆ ಸಂಖ್ಯೆಗಳಿದ್ದವು. ಹದಿನಾರರ ಎಣಿಕೆಯಲ್ಲಿ ಹೇಳುವುದಾದರೆ 10 ಎಂದರೆ ಪರದೆ, 13 ಎಂದರೆ ಡಿಸ್ಕು, 16 ಎಂದರೆ ಕೀಲಿಮಣೆ. ಮೆಮೊರಿಯ ಮೊಟ್ಟಮೊದಲ 1024 ಬೈಟುಗಳಲ್ಲಿ 256 ವಿಳಾಸಗಳ ಒಂದು ಪಟ್ಟಿ. ಪ್ರೋಗ್ರಾಮು ಸಂಖ್ಯೆಯನ್ನು ಕೂಗಿದರೆ ಸಾಕು, ಪ್ರೊಸೆಸರ್ ಪಟ್ಟಿಯಲ್ಲಿ ವಿಳಾಸ ನೋಡಿ ಅಲ್ಲಿಗೆ ಹಾರುತ್ತಿತ್ತು. ಯಂತ್ರದ ಒಳಗುಟ್ಟು ತಿಳಿಯುವ ಗೋಜು ಪ್ರೋಗ್ರಾಮು ಬರೆದವನಿಗೆ ಇರಲಿಲ್ಲ.

ಐಬಿಎಂ ತನ್ನ ಬಯಾಸನ್ನು ಸಾಲುಸಾಲಾಗಿ ತಾಂತ್ರಿಕ ಕೈಪಿಡಿಯಲ್ಲೇ ಅಚ್ಚು ಹಾಕಿತ್ತು. ಓದಬಹುದಿತ್ತು, ನಕಲು ಮಾಡುವಂತಿರಲಿಲ್ಲ. ಕಾಂಪ್ಯಾಕ್ ಕಂಪನಿ ಅದೇ ನಡವಳಿಕೆಯ ಬಯಾಸನ್ನು ಹೊಸದಾಗಿ ಬರೆಸಿತು. ಫೀನಿಕ್ಸ್ ಕಂಪನಿ 1984ರಿಂದ ಅಂಥದೊಂದನ್ನು ಯಾರು ಬೇಕಾದರೂ ಕೊಳ್ಳುವಂತೆ ಮಾರತೊಡಗಿತು. ಅಗ್ಗದ ಕಂಪ್ಯೂಟರುಗಳ ಯುಗ ಆರಂಭವಾದದ್ದು ಹೀಗೆ. ಜೊತೆಗೆ ಬೇರೆ ಬೇರೆ ಕೈಗಳು ಬರೆದ, ಬೇರೆ ಬೇರೆ ತಪ್ಪುಗಳುಳ್ಳ, ಮೂಲವನ್ನು ಮುಚ್ಚಿಟ್ಟುಕೊಂಡ ಅಸಂಖ್ಯ ಬಯಾಸುಗಳೂ ಹುಟ್ಟಿಕೊಂಡವು. ಮುಂದಿನ ತಲೆನೋವಿಗೆ ಅರ್ಧ ಕಾರಣ ಇದೇ.

ಉಳಿದ ಅರ್ಧ ಕಾರಣ 8088ರ ಸ್ವಭಾವ. ಆ ಪ್ರೊಸೆಸರಿಗೆ ಕಾಣುತ್ತಿದ್ದ ಮೆಮೊರಿ ಒಟ್ಟು ಒಂದು ಮೆಗಾಬೈಟ್. ಅದರಲ್ಲಿ ಗೋಡೆ, ಬೇಲಿ ಯಾವುದೂ ಇರಲಿಲ್ಲ. ಯಾವ ಆದೇಶವಾದರೂ ಎಲ್ಲಿ ಬೇಕಾದರೂ ಬರೆಯಬಹುದಿತ್ತು. ಒಂಟಿ ಮನೆಯಲ್ಲಿ ಬೆಳೆದವನು ನಲ್ಲಿ ತಿರುಗಿಸಿ ಬಿಟ್ಟುಹೋದರೂ, ಬಾಗಿಲು ಹಾರುಹೊಡೆದಿಟ್ಟರೂ ಯಾರೂ ಕೇಳುವುದಿಲ್ಲ. ಅವನನ್ನೇ ವಠಾರಕ್ಕೆ ತಂದು ಬಿಟ್ಟರೆ ದಿನವೂ ಜಗಳ. ಬಯಾಸ್ ಒಂಟಿ ಮನೆಯ ಜೀವಿ. ಬೇಕೆನಿಸಿದಾಗ ಗಡಿಯಾರದ ಹಾಗೂ ಕೀಲಿಮಣೆಯ ಸಂಕೇತಗಳನ್ನು ತಡೆದು ಹಿಡಿಯುತ್ತಿತ್ತು. ಉತ್ತರಕ್ಕಾಗಿ ಸುಮ್ಮನೆ ಸುತ್ತುಹಾಕುತ್ತ ಕಾಯುತ್ತಿತ್ತು. ಕರ್ನಲ್ ನಡೆಸುವುದು ವಠಾರವನ್ನು.

ಚಕ್ರವ್ಯೂಹದಿಂದ ಹೊರಬರುವ ದಾರಿ

ಗೋಡೆಗಳುಳ್ಳ ಮೊದಲ ಪ್ರೊಸೆಸರನ್ನು, ಅಂದರೆ 80286 ಅನ್ನು, ಇಂಟೆಲ್ 1982ರಲ್ಲಿ ತಂದಿತು. ಅದಕ್ಕೆ ರಕ್ಷಿತ ಸ್ಥಿತಿ ಎಂಬ ಹೊಸ ನಡವಳಿಕೆ ಇತ್ತು. ಈ ಸ್ಥಿತಿಯಲ್ಲಿ ಪ್ರೋಗ್ರಾಮುಗಳು ಒಂದರ ಮೆಮೊರಿಯನ್ನು ಇನ್ನೊಂದು ಮುಟ್ಟದಂತೆ ಕಾಯಬಹುದಿತ್ತು. ಆದರೆ ಬಯಾಸ್ ಬರೆದದ್ದು ಹಳೆಯ ಸ್ಥಿತಿಗಾಗಿ. ಮತ್ತೆ ಹಳೆಯ ಸ್ಥಿತಿಗೆ ಹೋಗಿ ಅದನ್ನು ಕರೆಯೋಣವೆಂದರೆ 286ರದು ಅಭಿಮನ್ಯುವಿನ ಪಾಡು: ಒಳಹೋಗಲು ಗೊತ್ತು, ಹೊರಬರಲು ಗೊತ್ತಿಲ್ಲ.

1984ರ ಐಬಿಎಂ ಎಟಿ ಯಂತ್ರದಲ್ಲಿ ಇದಕ್ಕೆ ಮಾಡಿದ ಉಪಾಯ ಇಂದಿಗೂ ನಗು ತರಿಸುತ್ತದೆ. ಪ್ರೊಸೆಸರನ್ನು ಹೊಸದಾಗಿ ಹುಟ್ಟಿಸುವ ರೀಸೆಟ್ ತಂತಿಯನ್ನು ಕೀಲಿಮಣೆ ನೋಡಿಕೊಳ್ಳುವ ಚಿಪ್ಪಿಗೆ ಜೋಡಿಸಿದ್ದರು. ಹಳೆಯ ಸ್ಥಿತಿಗೆ ಮರಳಬೇಕಾದ ಪ್ರೋಗ್ರಾಮು ಮೊದಲು ಬ್ಯಾಟರಿಯ ಬಲದಲ್ಲಿ ಉಳಿಯುವ ಮೆಮೊರಿಯ ಒಂದು ಬೈಟಿನಲ್ಲಿ ಚೀಟಿ ಬರೆದಿಡುತ್ತಿತ್ತು. ಬಳಿಕ ಕೀಲಿಮಣೆಯ ಚಿಪ್ಪಿಗೆ ಹೇಳಿ ಪ್ರೊಸೆಸರನ್ನು ರೀಸೆಟ್ ಮಾಡಿಸುತ್ತಿತ್ತು. ಪ್ರೊಸೆಸರ್ ಮರುಹುಟ್ಟು ಪಡೆದು ಬಯಾಸ್ ಓಡತೊಡಗಿದಾಗ, ಅದು ಆ ಚೀಟಿ ನೋಡಿ, ಇದು ನಿಜವಾದ ಆರಂಭವಲ್ಲ, ಬಿಟ್ಟ ಕೆಲಸಕ್ಕೆ ಮರಳಬೇಕು ಎಂದು ತಿಳಿದುಕೊಳ್ಳುತ್ತಿತ್ತು. 1987ರಲ್ಲಿ ಬಂದ ಓಎಸ್/2 ವ್ಯವಸ್ಥೆ 286ರ ಮೇಲೆ ಹಳೆಯ ಡಾಸ್ ಪ್ರೋಗ್ರಾಮುಗಳನ್ನು ಓಡಿಸಿದ್ದೂ ಪ್ರೊಸೆಸರನ್ನು ಹೀಗೆ ಮತ್ತೆ ಮತ್ತೆ ರೀಸೆಟ್ ಮಾಡಿಯೇ.

1985ರ 80386 ಈ ಸಂಕಟವನ್ನು ಕಳೆಯಿತು. ಒಂದು ಬಿಟ್ ಅಳಿಸಿದರೆ ಸಾಕು, ಪ್ರೊಸೆಸರ್ ಹಳೆಯ ಸ್ಥಿತಿಗೆ ಬರುತ್ತಿತ್ತು. ಹಾಗಾದರೆ ಕರ್ನಲ್ ಕ್ಷಣಕಾಲ ಹಿಂದಕ್ಕೆ ಹೋಗಿ ಬಯಾಸನ್ನು ಕರೆದು ಮುಂದಕ್ಕೆ ಬರಬಹುದಲ್ಲವೇ? ಬರಬಹುದು. ಆದರೆ ಆ ಕ್ಷಣದಲ್ಲಿ ವಠಾರದ ಗೋಡೆಗಳೆಲ್ಲ ಬಿದ್ದಿರುತ್ತವೆ. ಇನ್ನೊಂದು ತೊಡಕೂ ಇತ್ತು. ಮೊದಲ 32 ಸಂಕೇತ ಸಂಖ್ಯೆಗಳನ್ನು ಪ್ರೊಸೆಸರಿನ ಸ್ವಂತ ಬಳಕೆಗೆ ಮೀಸಲಿಡಲಾಗಿದೆ ಎಂದು ಇಂಟೆಲ್ ಹೇಳಿತ್ತು. ಅದನ್ನು ಲೆಕ್ಕಿಸದೆ ಐಬಿಎಂನವರು 8ರಿಂದ 15ರವರೆಗಿನ ಸಂಖ್ಯೆಗಳನ್ನು ಗಡಿಯಾರ, ಕೀಲಿಮಣೆ ಮೊದಲಾದವಕ್ಕೆ ಕೊಟ್ಟುಬಿಟ್ಟಿದ್ದರು. ಆದ್ದರಿಂದ ಕರ್ನಲ್‌ಗಳು ಏಳುತ್ತಲೇ ಅವನ್ನು ಬೇರೆ ಸಂಖ್ಯೆಗಳಿಗೆ ಸಾಗಿಸುತ್ತವೆ. ಹಿಂದಿನ ಸ್ಥಿತಿಗೆ ಹೋಗುವಾಗ ಅವನ್ನೆಲ್ಲ ಮೊದಲಿನ ಜಾಗದಲ್ಲಿ ಇಡದಿದ್ದರೆ ಗಡಿಯಾರದ ಒಂದು ಮಿಡಿತ ಸಂಬಂಧವಿಲ್ಲದ ಬಾಗಿಲಿಗೆ ಹೋಗಿ ಬಡಿಯುತ್ತದೆ. ಬಯಾಸ್ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಬಿಡಿಸಲು ಯಾರೂ ಎಚ್ಚರವಾಗಿರುವುದಿಲ್ಲ. ಈ ದಾರಿ ನಿಜಕ್ಕೂ ಒಪ್ಪುವುದು ಯಂತ್ರವನ್ನು ಮರುಪ್ರಾರಂಭಿಸುವಾಗ ಮಾತ್ರ. ಅಲ್ಲಿ ಹಿಂದಿರುಗಿ ಬರುವ ಪ್ರಶ್ನೆಯೇ ಇಲ್ಲ.

ಲಿನಕ್ಸ್ ಹಿಡಿದ ಮುಖ್ಯ ದಾರಿ ಜಾಣತನದ್ದು. ರಕ್ಷಿತ ಸ್ಥಿತಿಗೆ ಕಾಲಿಡುವ ಮೊದಲೇ, ಇನ್ನೂ ಯಾವ ಪ್ರೋಗ್ರಾಮೂ ಓಡದಿರುವಾಗ, ಮೆಮೊರಿ ಎಷ್ಟಿದೆ, ಪರದೆ ಯಾವ ಬಗೆಯದು ಎಂದು ಬಯಾಸನ್ನು ಕೇಳಿ ಒಂದು ಪುಟದಲ್ಲಿ ಬರೆದುಕೊಳ್ಳುವುದು. ಮದುವೆಗೆ ಮುಂಚೆ ಕೇಳಬೇಕಾದ್ದೆಲ್ಲ ಕೇಳಿಕೊಂಡ ಹಾಗೆ. ಆದರೆ ಪರದೆಯ ವಿನ್ಯಾಸವನ್ನು ನಡುವೆ ಬದಲಿಸಬೇಕಾದರೆ? ಲ್ಯಾಪ್‌ಟಾಪ್ ನಿದ್ದೆಯಿಂದ ಎದ್ದಾಗ ವಿಡಿಯೋ ಕಾರ್ಡು ಕತ್ತಲಾಗಿಯೇ ಉಳಿದರೆ? ಕಾರ್ಡಿನ ಒಳಗುಟ್ಟನ್ನು ತಯಾರಕರು ಹೊರಗೆ ಬಿಡುತ್ತಿರಲಿಲ್ಲ; ಅದು ಕಾರ್ಡಿನದೇ ಬಯಾಸಿಗೆ ಮಾತ್ರ ಗೊತ್ತು. ಹೊಸ ಅಮಲ್ದಾರರ ಕೈಯಲ್ಲಿ ಎಷ್ಟೇ ಅಧಿಕಾರವಿದ್ದರೂ ಹೊಲದ ಬದು ಎಲ್ಲಿದೆಯೆಂದು ಶಾನುಭೋಗರ ಕಡತವೇ ಹೇಳಬೇಕಾಗಿದ್ದಂತೆ.

386ರಲ್ಲಿ ಇಂಥ ಸಂದರ್ಭಕ್ಕೆ ಹೇಳಿಮಾಡಿಸಿದಂಥ ಇನ್ನೊಂದು ಸೌಲಭ್ಯವಿತ್ತು. ಅದರ ಹೆಸರು ವರ್ಚುವಲ್ 8086. ಈ ಸ್ಥಿತಿಯಲ್ಲಿ ಓಡುವ ಆದೇಶಗಳಿಗೆ ತಾವು ಹಳೆಯ ಯಂತ್ರದಲ್ಲೇ ಇದ್ದೇವೆ ಎಂಬ ಭ್ರಮೆ. ವಾಸ್ತವದಲ್ಲಿ ಅವಕ್ಕಿರುವುದು ಅತಿ ಕೆಳಗಿನ ದರ್ಜೆಯ ಅಧಿಕಾರ. ಅವು ನೋಡುವ ಒಂದು ಮೆಗಾಬೈಟೂ ಕರ್ನಲ್ ಜೋಡಿಸಿಕೊಟ್ಟ ರಂಗಸಜ್ಜಿಕೆ. ಆರಂಭದಲ್ಲಿ ವಿಳಾಸಗಳ ಪಟ್ಟಿ, 640 ಕಿಲೋಬೈಟಿನಿಂದ ಪರದೆಯ ಮೆಮೊರಿ, 768 ಕಿಲೋಬೈಟಿನಿಂದ ವಿಡಿಯೋ ಕಾರ್ಡಿನ ಬಯಾಸ್, ಇವಿಷ್ಟು ನಿಜವಾದವು. ಮಿಕ್ಕದ್ದರಲ್ಲಿ ಏನು ಗೀಚಿದರೂ ಇತರರಿಗೆ ತಟ್ಟದ ಖಾಲಿ ಹಾಳೆಗಳು. ಮೈಕ್ರೋಸಾಫ್ಟ್ ಕಂಪನಿಯ ವಿಂಡೋಸ್/386 ಇದನ್ನು 1987ರಲ್ಲೇ ಡಾಸ್ ಪ್ರೋಗ್ರಾಮುಗಳಿಗಾಗಿ ಬಳಸಿತ್ತು.

ಇದರಲ್ಲಿ ಬಯಾಸನ್ನು ಓಡಿಸುವ ಪರಿ ಸೊಗಸಾಗಿದೆ. 'ಸಂಕೇತಗಳನ್ನು ತಡೆ' ಎಂಬ ಆದೇಶ ಬಂದ ಕೂಡಲೇ ಪ್ರೊಸೆಸರ್ ನಿಂತು ಕರ್ನಲ್‌ಗೆ ವರದಿ ಒಪ್ಪಿಸುತ್ತದೆ. ಕರ್ನಲ್ ನಿಜವಾಗಿ ಏನನ್ನೂ ತಡೆಯುವುದಿಲ್ಲ. 'ಇವನು ತಡೆಯಲು ಹೇಳಿದ್ದಾನೆ' ಎಂದು ಪುಸ್ತಕದಲ್ಲಿ ಬರೆದುಕೊಂಡು ಮುಂದಕ್ಕೆ ಬಿಡುತ್ತದೆ. ಸಾಧನಗಳೊಡನೆ ಮಾತಾಡುವ 65,536 ಪೋರ್ಟುಗಳಿಗೆ ತಲಾ ಒಂದು ಬಿಟ್‌ನಂತೆ 8 ಕಿಲೋಬೈಟಿನ ಅನುಮತಿ ಪಟ್ಟಿ ಇರುತ್ತದೆ. ವಿಡಿಯೋ ಕಾರ್ಡಿನ ಪೋರ್ಟುಗಳಿಗೆ ಒಪ್ಪಿಗೆ, ಡಿಸ್ಕಿನವಕ್ಕೆ ನಿರಾಕರಣೆ. ಇನ್ನು ಬಯಾಸಿನ ಕೆಲಸ ಮುಗಿಯಿತೆಂದು ತಿಳಿಯುವುದು ಹೇಗೆ? ಕರೆಯುವ ಮೊದಲೇ ಕರ್ನಲ್ ಅದರ ಮರಳುವ ವಿಳಾಸದಲ್ಲಿ 'ನಿಲ್ಲು' ಎಂಬ ಒಂದು ಆದೇಶ ಹುದುಗಿಸಿಡುತ್ತದೆ. ಕೆಳದರ್ಜೆಯವರು ಆ ಆದೇಶ ಕೊಡುವಂತಿಲ್ಲ. ಬಯಾಸ್ ಕೆಲಸ ಮುಗಿಸಿ ಮರಳಿ ಅದರ ಮೇಲೆ ಕಾಲಿಟ್ಟೊಡನೆ ಸಿಕ್ಕಿಬೀಳುತ್ತದೆ. ಕರ್ನಲ್‌ಗೆ ಬೇಕಾದದ್ದೂ ಅದೇ.

ತೊಡಕುಗಳು ಇದ್ದೇ ಇದ್ದವು. ಹಳೆಯ ಯಂತ್ರದ ಗಡಿಯಾರ ಸೆಕೆಂಡಿಗೆ ಸುಮಾರು 18.2 ಬಾರಿ ಮಿಡಿಯುತ್ತಿತ್ತು, ಬಯಾಸ್ ಅದನ್ನು ಮೆಮೊರಿಯಲ್ಲಿ ಎಣಿಸಿಡುತ್ತಿತ್ತು. ಆ ಎಣಿಕೆ ಏರಲೆಂದು ಕಾಯುತ್ತ ಕೂರುವ ಬಯಾಸನ್ನು ಈ ಪಂಜರದಲ್ಲಿ ಓಡಿಸಿದರೆ, ಮಿಡಿತಗಳೆಲ್ಲ ಕರ್ನಲ್‌ಗೆ ಹೋಗುವುದರಿಂದ, ಅದು ಕಾಯುತ್ತಲೇ ಇರುತ್ತದೆ. ಕರ್ನಲ್ ಆ ಎಣಿಕೆಯನ್ನು ತಾನೇ ಏರಿಸಬೇಕು, ಗಡುವು ಮೀರಿದರೆ ಹೊರಗೆಳೆಯಬೇಕು. ಡಿಸ್ಕಿನ ಬಯಾಸಂತೂ ಈ ಪಂಜರಕ್ಕೆ ಹೊಂದುವುದೇ ಕಷ್ಟ. ಅದರ ಕೆಲವು ಸೇವೆಗಳು ತಾವೇ ರಕ್ಷಿತ ಸ್ಥಿತಿಗೆ ಹೋಗಲು ನೋಡುತ್ತವೆ. ಮೇಲಾಗಿ ಡಿಸ್ಕಿನ ಯಂತ್ರಾಂಶ ಪ್ರೊಸೆಸರನ್ನು ಬಳಸದೆ ನೇರವಾಗಿ ಮೆಮೊರಿಗೆ ಬರೆಯುವಾಗ ಅದಕ್ಕೆ ರಂಗಸಜ್ಜಿಕೆಯ ವಿಳಾಸ ಅರ್ಥವಾಗುವುದಿಲ್ಲ. ಬರೆದದ್ದು ಬೇರಾರದೋ ಕಡತದ ಮೇಲೆ ಬೀಳಬಹುದು. ವಿಡಿಯೋ ಕಾರ್ಡಿಗಾದರೂ ಪಂಜರ ಕಾಯುವುದು ಮೆಮೊರಿಯನ್ನು ಮಾತ್ರ. ಅನುಮತಿ ಕೊಟ್ಟ ಪೋರ್ಟಿನಲ್ಲಿ ತಪ್ಪು ಅಂಕಿ ಬರೆದು ಕಾರ್ಡನ್ನೇ ಸ್ತಬ್ಧಗೊಳಿಸಿದರೆ ಕರ್ನಲ್ ಏನೂ ಮಾಡಲಾರದು.

ಈ ಪಂಜರವನ್ನು ಕರ್ನಲ್ಲಿನ ಒಳಗೇ ಕಟ್ಟಬೇಕೋ ಹೊರಗೋ ಎಂಬುದರಲ್ಲೂ ಭಿನ್ನಾಭಿಪ್ರಾಯವಿತ್ತು. ಫ್ರೀಬಿಎಸ್‌ಡಿ ಒಳಗೇ ಕಟ್ಟಿತು. ಲಿನಕ್ಸ್ ಒಂದು ಸಾಮಾನ್ಯ ಪ್ರೋಗ್ರಾಮು ಕರ್ನಲ್ಲಿನ ನೆರವು ಪಡೆದು ಬಯಾಸನ್ನು ಓಡಿಸಿಕೊಳ್ಳುವ ಅವಕಾಶ ಕೊಟ್ಟಿತು. ಎಕ್ಸ್ ವಿಂಡೋ ವ್ಯವಸ್ಥೆ ವರ್ಷಗಟ್ಟಲೆ ಹಾಗೆಯೇ ವಿಡಿಯೋ ಕಾರ್ಡುಗಳನ್ನು ಬೆಳಗಿಸಿತು. ಎರಡನೆಯದೇ ಮೇಲು ಎನ್ನಬೇಕು. ಬಯಾಸ್ ದಾರಿ ತಪ್ಪಿದರೆ ಆ ಪ್ರೋಗ್ರಾಮನ್ನು ಕೊನೆಗಾಣಿಸಬಹುದು, ಉಳಿದವರ ಕೆಲಸ ಸಾಮಾನ್ಯವಾಗಿ ನಿಲ್ಲುವುದಿಲ್ಲ.

1990ರ ದಶಕದಲ್ಲಿ ಬಯಾಸ್ ಬರೆಯುವವರೇ ಅರ್ಧ ದಾರಿ ನಡೆದುಬಂದರು. 1992ರಲ್ಲಿ ಇಂಟೆಲ್ ಮತ್ತು ಮೈಕ್ರೋಸಾಫ್ಟ್ ರೂಪಿಸಿದ, ವಿದ್ಯುತ್ ಉಳಿತಾಯದ ಎಪಿಎಂ ಎಂಬ ಒಪ್ಪಂದದಲ್ಲಿ ರಕ್ಷಿತ ಸ್ಥಿತಿಯಿಂದಲೇ ನೇರವಾಗಿ ಕರೆಯಬಹುದಾದ ಸೇವೆಗಳಿದ್ದವು. ಕೇಳಲು ಹಿತ, ಆದರೆ ಪಂಜರ ಹೋಯಿತು, ಬಯಾಸ್ ಕರ್ನಲ್ಲಿನ ಸಮಾನ ಅಧಿಕಾರದಲ್ಲಿ ಓಡತೊಡಗಿತು. ಹಳೆಯ ಸ್ಥಿತಿಯಲ್ಲಿ ಹದಿನಾರರ ಎಣಿಕೆಯ 40 ಎಂಬ ಸಂಖ್ಯೆ ಬಯಾಸಿನ ಸ್ವಂತ ಟಿಪ್ಪಣಿಗಳ ಜಾಗವನ್ನು ಸೂಚಿಸುತ್ತಿತ್ತು. ರಕ್ಷಿತ ಸ್ಥಿತಿಯಲ್ಲಿ ಆ ಸಂಖ್ಯೆಗೆ ಅಂಥ ಅರ್ಥವಿಲ್ಲ. ಕೆಲವು ಬಯಾಸುಗಳು ಅಭ್ಯಾಸಬಲದಿಂದ ಅದನ್ನೇ ಬಳಸಿ ಎಡವುತ್ತಿದ್ದವು. ಅಂಥವಕ್ಕಾಗಿ ಲಿನಕ್ಸ್ ಬರೆದವರು ತಮ್ಮ ಪಟ್ಟಿಯಲ್ಲಿ 40ನೆಯ ಜಾಗದಲ್ಲಿ ಸುಳ್ಳು ನಮೂದೊಂದನ್ನು ಇಟ್ಟು, ಅದು ಹಳೆಯ ಜಾಗವನ್ನೇ ತೋರಿಸುವಂತೆ ಮಾಡಿದರು. ಸಾಧನಗಳನ್ನು ಗುರುತಿಸುವ ಪ್ಲಗ್ ಆಂಡ್ ಪ್ಲೇ ಬಯಾಸಿನದೂ ಇದೇ ಕಥೆ. ಅದನ್ನು ಕರೆಯುವ ಮುನ್ನ ಲಿನಕ್ಸ್ ತಾನು ನಿಂತ ಜಾಗವನ್ನು ಗುರುತುಹಾಕಿಟ್ಟುಕೊಳ್ಳುತ್ತದೆ. ಬಯಾಸ್ ಎಡವಿದರೆ ಆ ಗುರುತಿಗೆ ಮರಳಿ, ಮುಂದೆ ಅದನ್ನು ನಂಬದಂತೆ ಒಂದು ಚರಾಂಶದಲ್ಲಿ 1 ಎಂದು ಬರೆಯುತ್ತದೆ. ಆ ಚರಾಂಶಕ್ಕೆ ಕೊಟ್ಟ ಹೆಸರಿನ ತಾತ್ಪರ್ಯ 'ಈ ಬಯಾಸ್ ಶುದ್ಧ ಕಸ' ಎಂದು. ಕರ್ನಲ್ ಬರೆಯುವವರ ಸಹನೆ ಎಲ್ಲಿಗೆ ಬಂದು ನಿಂತಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಓಡಿಸದೆ ಓದುವುದು

2003ರಲ್ಲಿ ಎಎಂಡಿ ಕಂಪನಿ ಆಪ್ಟೆರಾನ್ ಹೆಸರಿನಲ್ಲಿ 64 ಬಿಟ್‌ನ ಪ್ರೊಸೆಸರನ್ನು ಮಾರುಕಟ್ಟೆಗೆ ತಂದಿತು. ಅದರ ಹೊಸ ಸ್ಥಿತಿಯಲ್ಲಿ ವರ್ಚುವಲ್ 8086 ಇರಲೇ ಇಲ್ಲ. ಪಂಜರ ಕಟ್ಟುವ ದಾರಿ ಮುಚ್ಚಿತು. ಆಗ ಕೈಹಿಡಿದದ್ದು ಎಮ್ಯುಲೇಟರ್ ಎಂಬ ಇನ್ನೊಂದು ಉಪಾಯ. ಬಯಾಸಿನ ಆದೇಶಗಳನ್ನು ಪ್ರೊಸೆಸರಿನ ಕೈಗೆ ಕೊಡುವುದೇ ಬೇಡ. ಒಂದು ಪ್ರೋಗ್ರಾಮು ಅವನ್ನು ಒಂದೊಂದಾಗಿ ಓದಿ, ಅರ್ಥಮಾಡಿಕೊಂಡು, ಅದರಂತೆ ನಡೆಯಲಿ.

ಈ ಉಪಾಯ ಹುಟ್ಟಿದ್ದು ಭದ್ರತೆಗಾಗಿ ಅಲ್ಲ. ಡಿಜಿಟಲ್ ಕಂಪನಿ 1992ರಲ್ಲಿ ತಂದ ಆಲ್ಫಾ ಪ್ರೊಸೆಸರಿಗೆ ಇಂಟೆಲ್ ಭಾಷೆಯೇ ಬರುತ್ತಿರಲಿಲ್ಲ. ಆದರೂ ಪಿಸಿಗಳಿಗಾಗಿ ತಯಾರಾದ ಅಗ್ಗದ ವಿಡಿಯೋ ಕಾರ್ಡುಗಳನ್ನು ಆಲ್ಫಾ ಯಂತ್ರಗಳಲ್ಲಿ ಬಳಸಬೇಕಾಗಿತ್ತು. ಕಾರ್ಡಿನ ಬಯಾಸನ್ನು ಓದಿ ಹೇಳುವ ಎಮ್ಯುಲೇಟರನ್ನು ಅದಕ್ಕಾಗಿ ಆ ಯಂತ್ರಗಳ ಚಿಪ್ಪಿನಲ್ಲೇ ಸೇರಿಸಿದ್ದರು. ಬಳಿಕ ಎಕ್ಸ್86ಎಮು ಎಂಬ ಎಮ್ಯುಲೇಟರು ಎಕ್ಸ್ ವಿಂಡೋ ವ್ಯವಸ್ಥೆಗೂ ಫ್ರೀಬಿಎಸ್‌ಡಿ ಕರ್ನಲ್‌ಗೂ ಸೇರಿತು. 2008ರ ಜನವರಿಯ ಲಿನಕ್ಸ್ 2.6.24ರಲ್ಲಿ ಬಂದ ಪರದೆಯ ಚಾಲಕವೊಂದು, ಬಯಾಸನ್ನು ಕರೆಯಬೇಕಾದಾಗಲೆಲ್ಲ ಕರ್ನಲ್ಲಿನ ಹೊರಗಿರುವ ಒಂದು ಸಹಾಯಕ ಪ್ರೋಗ್ರಾಮಿಗೆ ಚೀಟಿ ಕಳಿಸಿ ಉತ್ತರ ತರಿಸಿಕೊಳ್ಳುತ್ತದೆ.

ಓದಿ ನಡೆಯುವುದು ನಿಧಾನ, ನಿಜ. ಆದರೆ ಪರದೆಯ ವಿನ್ಯಾಸವನ್ನು ಯಾರೂ ಸೆಕೆಂಡಿಗೆ ನೂರು ಬಾರಿ ಬದಲಿಸುವುದಿಲ್ಲ. ಪ್ರತಿಯಾಗಿ ಸಿಗುವ ಹಿಡಿತ ದೊಡ್ಡದು. ಪ್ರತಿ ಪೋರ್ಟಿನ ಬರಹವನ್ನೂ ಪರಿಶೀಲಿಸಬಹುದು, ಇಷ್ಟು ಆದೇಶಗಳಾದರೂ ಮುಗಿಯದಿದ್ದರೆ ನಿಲ್ಲಿಸಬಹುದು. ಬಯಾಸನ್ನು ಅದರ ಪಾಡಿಗೆ ಬಿಡುವ ಎಲ್ಲ ದಾರಿಗಳಿಗಿಂತ ಇದು ಸುರಕ್ಷಿತ. ಎಎಂಡಿ ಗ್ರಾಫಿಕ್ಸ್ ಕಾರ್ಡುಗಳ ಬಯಾಸಿನಲ್ಲಿ ಈ ತತ್ವವನ್ನು ಮೊದಲೇ ಒಪ್ಪಿಕೊಂಡಂತಿದೆ. ಅವುಗಳಲ್ಲಿ ಇಂಟೆಲ್ ಆದೇಶಗಳ ಜೊತೆಗೆ ಆಟಂಬಯಾಸ್ ಎಂಬ ಬೇರೊಂದು ಸರಳ ಭಾಷೆಯ ಕೋಷ್ಟಕಗಳಿರುತ್ತವೆ. ಆ ಭಾಷೆಯನ್ನು ಓದುವ ಸಾಮರ್ಥ್ಯ ಲಿನಕ್ಸ್ ಚಾಲಕದಲ್ಲೇ ಇದೆ.

ಈಗಿನ ಯಂತ್ರಗಳಲ್ಲಿ ಬಯಾಸಿನ ಜಾಗದಲ್ಲಿರುವುದು ಯುಇಎಫ್‌ಐ. ಅದರ ಉಸ್ತುವಾರಿಗೆ ಕಂಪನಿಗಳು 2005ರಲ್ಲಿ ಒಂದು ವೇದಿಕೆ ರಚಿಸಿಕೊಂಡವು. ಹಳೆಯ ಬಯಾಸಿನಂತೆ ನಟಿಸುವ ಸೌಕರ್ಯವನ್ನು 2020ರ ಹೊತ್ತಿಗೆ ಕೈಬಿಡುವುದಾಗಿ ಇಂಟೆಲ್ 2017ರಲ್ಲಿ ಪ್ರಕಟಿಸಿತು. ಆದರೆ ಹಳೆಯ ರೂಢಿ ಬೇಗ ಬಿಡುವುದಿಲ್ಲ. 2009ರ ವಿಂಡೋಸ್ 7 ಯುಇಎಫ್‌ಐ ಮೂಲಕ ಏಳುವಾಗಲೂ ಪರದೆಗಾಗಿ ಅದೇ 10ನೆಯ ಸೇವೆಯನ್ನು ಹುಡುಕುತ್ತಿತ್ತು. ಆ ನಟನೆ ಇಲ್ಲದ ಯಂತ್ರಗಳಲ್ಲಿ ಅದನ್ನು ಎಬ್ಬಿಸುವುದೇ ಕಷ್ಟವಾಯಿತು.

ಯುಇಎಫ್‌ಐ ಸೇವೆಗಳು 64 ಬಿಟ್‌ನವು, ರಕ್ಷಿತ ಸ್ಥಿತಿಯಲ್ಲೇ ಓಡುತ್ತವೆ. ಆದರೆ ಅವು ಓಡುವುದು ಕರ್ನಲ್ಲಿನದೇ ಅಧಿಕಾರದಲ್ಲಿ. ಯಂತ್ರದ ಕೆಲವು ಸಂಗತಿಗಳನ್ನು ಶಾಶ್ವತವಾಗಿ ಬರೆದಿಡುವ ಸಣ್ಣ ಉಗ್ರಾಣವೂ ಅವುಗಳ ಕೈಯಲ್ಲೇ ಇದೆ. ಒಂದು ತಯಾರಕರ ಕೆಲವು ಲ್ಯಾಪ್‌ಟಾಪುಗಳು ಆ ಉಗ್ರಾಣಕ್ಕೆ ಬರೆಸಿದ ಬಳಿಕ ಮತ್ತೆ ಏಳಲೇ ಇಲ್ಲವೆಂಬುದು 2013ರ ಆರಂಭದಲ್ಲಿ ಬೆಳಕಿಗೆ ಬಂತು. ಮೊದಲು ಲಿನಕ್ಸ್ ಮೇಲೆ ದೂರು ಬಂದಿತು. ಉಗ್ರಾಣ ತುಂಬುತ್ತ ಬಂದರೆ ಆ ಯಂತ್ರಗಳು ವಿಂಡೋಸಿನಿಂದಲೂ ಕೆಡುತ್ತವೆಂದು ಆಮೇಲೆ ತಿಳಿಯಿತು. ಕಡತ ಕಳೆದುಕೊಂಡವರು ಇನ್ನೊಮ್ಮೆ ಬರೆಯಬಹುದು. ಇಲ್ಲಿ ಯಂತ್ರವೇ ಇಟ್ಟಿಗೆಯಾಗಿತ್ತು. ಅಂದಿನಿಂದ ಲಿನಕ್ಸ್ ಆ ಉಗ್ರಾಣದಲ್ಲಿ ಒಂದಿಷ್ಟು ಜಾಗ ಖಾಲಿ ಬಿಟ್ಟೇ ಬರೆಯುತ್ತದೆ.

ಯುಇಎಫ್‌ಐ ಸೇವೆಗಳನ್ನು ಲಿನಕ್ಸ್ ಬೇರೆಯದೇ ವಿಳಾಸ ಪಟ್ಟಿಯೊಂದಿಗೆ ಕರೆಯುತ್ತದೆ. 2018ರಲ್ಲಿ ಸೇರಿಸಿದ ಇನ್ನೊಂದು ಏರ್ಪಾಡಿನಂತೆ, ಅವನ್ನು ಓಡಿಸುವುದು ಅದಕ್ಕೆಂದೇ ಮೀಸಲಾದ ಒಬ್ಬ ಕೆಲಸಗಾರ. ಸೇವೆ ತನ್ನದಲ್ಲದ ಮೆಮೊರಿಯನ್ನು ಮುಟ್ಟಿ ಎಡವಿದರೆ ಕರ್ನಲ್ ಆ ಕೆಲಸಗಾರನನ್ನು ಇದ್ದಲ್ಲೇ ಹೆಪ್ಪುಗಟ್ಟಿಸಿ, ಯುಇಎಫ್‌ಐ ಸಹವಾಸವನ್ನೇ ಬಿಟ್ಟು, ಉಳಿದ ಕೆಲಸ ಮುಂದುವರಿಸುತ್ತದೆ. ಎಡವಿದ್ದು ಯಂತ್ರವನ್ನು ಮರುಪ್ರಾರಂಭಿಸುವ ಸೇವೆಯೇ ಆಗಿದ್ದರೆ ಮಾತ್ರ ನಿಲ್ಲುವಂತಿಲ್ಲ. ಆಗ ಕರ್ನಲ್ ಒಂದು ಸಾಲಿನ ದೂರು ಬರೆದು, ಗೋಡೆಗಳನ್ನೆಲ್ಲ ಕೆಡವಿ 8088ರ ಕಾಲದ ಸ್ಥಿತಿಗೆ ಇಳಿದು, ಹಳೆಯ ಬಯಾಸಿನ ಬಾಗಿಲಿನ ಮೂಲಕ ಯಂತ್ರವನ್ನು ಮರುಪ್ರಾರಂಭಿಸಲು ನೋಡುತ್ತದೆ.